ಪುರಭವನ ಹಳತಾಯಿತು, ಕೆಡವುವವರು ಯಾರು?

(ಎಕಂಬಾದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಆಡಿದ ಮಾತುಗಳು)

ಅಂಗಡಿಯ ಬಾಗಿಲನ್ನು ಒಂದು ತಾಸು ಮೊದಲೇ ಎಳೆದು ಬಂದವರು ನೀವು. ದಾಲ್ ಮಿಲ್ಲಿನ ಪಾಳಿ ಮುಗಿಸಿ, ತಲೆಯ ಮೇಲಿನ ಹೊಟ್ಟಿನ ಧೂಳನ್ನು ಕೊಡವಿಕೊಳ್ಳುವ ಪುರುಸೊತ್ತಿಲ್ಲದೆ ಬಂದವರೂ ಇದ್ದೀರಿ. ನಿಮ್ಮ ಹೊತ್ತು ಬೆಲೆಯುಳ್ಳದ್ದು. ಆದುದರಿಂದ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇವೆ.

ಇಲ್ಲಿಗೆ ಬರುವ ದಾರಿಯಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಪುರಭವನ ಕಟ್ಟುವುದು, ಕೆಡವುವುದು ಪಟ್ಟಣದವರ ಮಾತು. ಗಡಿಯಲ್ಲಿರುವ ಎಕಂಬಾದವರಿಗೆ ಅದರಿಂದ ಆಗಬೇಕಾದ್ದೇನು?" ಪ್ರಶ್ನೆ ಸರಿಯಾದದ್ದೇ. ಉತ್ತರವೂ ಸರಳವಾಗಿದೆ. ನಿಮ್ಮ ತೊಗರಿ ಬೀದರಿನ ಬಾಜಾರಕ್ಕೆ ಹೋಗುತ್ತದೆ. ನಿಮ್ಮ ಮಗ ಅಲ್ಲಿಯೇ ಗಾಡಿ ನಿಲ್ಲಿಸಿ ಬಾಳೆಹಣ್ಣು ಮಾರುತ್ತಾನೆ. ನಿಮ್ಮ ತಂಗಿ ಅಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಗಿರಣಿಗೆ ಹೋಗುತ್ತಾಳೆ. ಪಟ್ಟಣದ ಕಚೇರಿಯ ಗೋಡೆ ಎಲ್ಲಿ ಏಳುತ್ತದೆ, ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಇವರ ಅನ್ನ ನಿಂತಿದೆ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಕೂಡಿದ ರಾಜ್ಯ ಸಚಿವ ಸಂಪುಟವು ಬೀದರ ನಗರಸಭೆಯನ್ನು ಮಹಾನಗರ ಪಾಲಿಕೆಯ ದರ್ಜೆಗೆ ಏರಿಸುವ ನಿರ್ಣಯ ಮಾಡಿತು. ರಾಯಚೂರಿಗೂ ಅದೇ ಭಾಗ್ಯ. ದರ್ಜೆ ಏರಿತೆಂದರೆ ಫಲಕ ಬದಲಾಗುತ್ತದೆ. ಫಲಕ ಬದಲಾದ ಮೇಲೆ ಅದನ್ನು ತೂಗುಹಾಕುವ ಗೋಡೆ ಚಿಕ್ಕದಾಗಿ ಕಾಣತೊಡಗುತ್ತದೆ. ಇಂದಲ್ಲ ನಾಳೆ "ಹಳೆಯದು ಸಾಲದು, ಭವ್ಯವಾದ ಹೊಸದೊಂದು ಬೇಕು" ಎಂಬ ಮಾತು ಬಂದೇ ಬರುತ್ತದೆ. ಆ ಮಾತು ಬರುವುದಕ್ಕೆ ಮೊದಲೇ ನಾವು ನೀವು ಕುಳಿತು ಯೋಚಿಸಿದರೆ ತಪ್ಪೇನು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಹಳೆಯದೆಲ್ಲ ಪೂಜ್ಯ ಎಂದು ಹೇಳಲು ನಾವು ಬಂದಿಲ್ಲ. ನಿಜಾಮರ ಕಾಲದ ಒಂದು ಕಚೇರಿಯಲ್ಲಿ (ಯಾವುದೆಂದು ಹೇಳುವುದು ಬೇಡ) ನಾವು ಪಹಣಿಗಾಗಿ ನಿಂತಿದ್ದಾಗ ಮಳೆ ಬಂತು. ಗುಮಾಸ್ತರು ರಿಜಿಸ್ಟರುಗಳನ್ನು ಎತ್ತಿ ಎದೆಗವಚಿಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿದರು. ನಿಮ್ಮ ಹೊಲದ ದಾಖಲೆ ಆ ರಿಜಿಸ್ಟರಿನಲ್ಲಿದ್ದಾಗ ಕಮಾನಿನ ಸೊಬಗನ್ನು ಹೊಗಳುವ ಮನಸ್ಸು ಯಾರಿಗೂ ಬರುವುದಿಲ್ಲ. ಹೆಂಗಸರಿಗೆ ಒಂದು ಶೌಚಾಲಯವಿಲ್ಲದ, ಕೈಕಾಲು ಸೋತವನು ಹತ್ತಲಾಗದ ಮೆಟ್ಟಿಲುಗಳುಳ್ಳ ಕಟ್ಟಡವನ್ನು ಪರಂಪರೆಯೆಂದು ಕರೆದು ಕೈಮುಗಿಯುವುದು ಹೊಟ್ಟೆ ತುಂಬಿದವರ ವಿಲಾಸ.

ಆದರೆ "ಹಳತಾಯಿತು" ಎಂಬ ಮಾತೂ ಪ್ರಮಾಣವಲ್ಲ. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ದೊರೆಗಳ ಮಂತ್ರಿಯಾದವನು ಕಟ್ಟಿಸಿದ್ದು ಅದು. ವ್ಯಾಪಾರಿ ಬಂಧುಗಳು ಇದನ್ನು ನೆನಪಿಡಬೇಕು, ಊರಿನ ಅತ್ಯಂತ ಹೆಸರಾದ ಕಟ್ಟಡ ಒಬ್ಬ ವ್ಯಾಪಾರಿಯದು! 1472ರಲ್ಲಿ ಎದ್ದದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟ ಮದ್ದು ಸಿಡಿದು, ಅಥವಾ ಸಿಡಿಲು ಬಡಿದು (ಎರಡು ರೀತಿಯಲ್ಲಿಯೂ ಹೇಳುತ್ತಾರೆ) ಒಂದು ಭಾಗ ಕುಸಿಯಿತು. ಉಳಿದ ಭಾಗ ಇಂದಿಗೂ ನಿಂತಿದೆ. ಐನೂರೈವತ್ತು ವರ್ಷ! ಅದೇ ಜಿಲ್ಲೆಯಲ್ಲಿ ನಮ್ಮ ಕಣ್ಣೆದುರೇ ಉದ್ಘಾಟನೆಯಾದ ಶಾಲೆಯ ಕೋಣೆಗಳ ಚಾವಣಿ ಹತ್ತು ಮಳೆಗಾಲ ತಡೆದಿಲ್ಲ. ವಯಸ್ಸು ಕಟ್ಟಡವನ್ನು ಕೊಲ್ಲುವುದಿಲ್ಲ. ನೀರು ಕೊಲ್ಲುತ್ತದೆ, ಕಟ್ಟಿಕೊಂಡ ಮೋರಿ ಕೊಲ್ಲುತ್ತದೆ, ಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಅರಳಿಗಿಡ ಕೊಲ್ಲುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಗಾರೆಯನ್ನು ಪುಡಿಮಾಡುತ್ತದೆ. ದುರಸ್ತಿಯ ಹೆಸರಿನಲ್ಲಿ ಸಿಮೆಂಟಿನ ಗುತ್ತಿಗೆ ಕೊಟ್ಟು, ಹತ್ತು ವರ್ಷದ ನಂತರ "ನೋಡಿ, ಶಿಥಿಲವಾಗಿದೆ" ಎನ್ನುವುದು ಹಲವು ಕಡೆ ನಡೆದು ಬಂದ ಕ್ರಮ. ಯಾವ ಗೌಂಡಿಯನ್ನು ಬೇಕಾದರೂ ಕೇಳಿ ನೋಡಿ.

ಈಗ ನಮ್ಮ ರಾಜ್ಯದಲ್ಲಿಯೇ ನಡೆದ ವಾದಗಳನ್ನು ನೋಡೋಣ.

ಬೆಂಗಳೂರಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿಯಿದೆ. ಅಠಾರಾ ಎಂದರೆ ಹದಿನೆಂಟು. ಬೀದರಿನವರಿಗೆ ಅರ್ಥ ಹೇಳಬೇಕಾಗಿಲ್ಲ. ಮೈಸೂರು ಸರಕಾರದ ಹದಿನೆಂಟು ಇಲಾಖೆಗಳು ಅದರಲ್ಲಿದ್ದವು. 1864ರಿಂದ 1868ರವರೆಗೆ ಅದನ್ನು ಕಟ್ಟಿದರು. 1956ರಲ್ಲಿ ವಿಧಾನಸೌಧ ಮುಗಿದ ಮೇಲೆ ಸಚಿವಾಲಯ ರಸ್ತೆ ದಾಟಿ ಅಲ್ಲಿಗೆ ಹೋಯಿತು. ಹೈಕೋರ್ಟು ಹಳೆಯ ಕಟ್ಟಡದಲ್ಲಿ ಉಳಿಯಿತು. 1982ರಲ್ಲಿ ಅದನ್ನು ಕೆಡವಿ ಹೊಸದನ್ನು ಕಟ್ಟುವ ಪ್ರಸ್ತಾಪ ಬಂತು. ನಾಗರಿಕರು ಎದ್ದು ನಿಂತರು, ವಾದ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಿತು. ವಿನೋದ ನೋಡಿ, ಯಾವ ಕಟ್ಟಡದ ಉಳಿವು ಅಳಿವಿನ ಪ್ರಶ್ನೆಯೋ ಆ ಕಟ್ಟಡದಲ್ಲಿಯೇ ವಿಚಾರಣೆ! ಅಠಾರಾ ಕಚೇರಿ ಇಂದಿಗೂ ಕಬ್ಬನ್ ಉದ್ಯಾನದ ಅಂಚಿನಲ್ಲಿ ನಿಂತಿದೆ. ಜನ ಬಾಯಿ ತೆರೆದರೆ ಸರಕಾರದ ಪ್ರಸ್ತಾಪವೂ ಹಿಂದೆ ಸರಿಯಬಹುದು ಎಂಬುದಕ್ಕೆ ಅದು ಸಾಕ್ಷಿ.

ವಿಧಾನಸೌಧದ ಕಥೆಯೂ ಇದಕ್ಕೆ ಹೊಂದಿದ್ದೇ. 1951ರ ಜುಲೈ 13ರಂದು ನೆಹರೂ ಅದರ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಛಲ ಹಿಡಿದು ಕಟ್ಟಿಸಿದರು. ಒಂದೂಮುಕ್ಕಾಲು ಕೋಟಿ ರೂಪಾಯಿಗಳಷ್ಟು ವೆಚ್ಚವಾಯಿತು. ದುಂದುಗಾರಿಕೆ ಎಂಬ ಆಕ್ಷೇಪಣೆ ಜೋರಾಗಿಯೇ ಎದ್ದಿತು. ಕಟ್ಟಡ ಮುಗಿದ ವರ್ಷವೇ ಹನುಮಂತಯ್ಯನವರು ಅಧಿಕಾರ ಬಿಟ್ಟು ಇಳಿದಿದ್ದರು. ಇಂದು ಅದನ್ನು ನೋಡಿ ಹೆಮ್ಮೆ ಪಡದ ಕನ್ನಡಿಗನಿಲ್ಲ; ನಮಗೂ ಹೆಮ್ಮೆಯೇ. ಆದರೆ ಅದರ ಕಲ್ಲು ಒಡೆದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು ಎಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಅಡಿಗಲ್ಲಿನ ಮೇಲೆ ಇಟ್ಟವರ ಹೆಸರಿದೆ, ಹೊತ್ತವರ ಹೆಸರಿಲ್ಲ. ಈ ಲೆಕ್ಕ ಎಲ್ಲ ಭವನಗಳಿಗೂ ಸಲ್ಲುತ್ತದೆ.

ಇನ್ನು ನಿಮಗೆ ತೀರ ಹತ್ತಿರದ ವಿಷಯ, ಮೈಸೂರಿನದು. ಇದರ ಬಗ್ಗೆ ಸ್ವಲ್ಪ ನಿಂತು ಮಾತನಾಡುತ್ತೇವೆ.

ಮೈಸೂರಿನ ನಡುವೆ ದೇವರಾಜ ಮಾರುಕಟ್ಟೆಯಿದೆ. ಅರಸರ ಕಾಲದ್ದು, ನೂರು ವರ್ಷ ದಾಟಿದ್ದು. ನಗರಪಾಲಿಕೆಯ ಸ್ವತ್ತು. ಒಳಗೆ ನೂರಾರು ಮಳಿಗೆಗಳು. ಹೂವಿನ ಸಾಲು, ವೀಳ್ಯದೆಲೆಯ ಸಾಲು, ಬಾಳೆಹಣ್ಣಿನ ಸಾಲು, ಅರಿಶಿನ ಕುಂಕುಮದ ರಾಶಿಗಳು. ಹತ್ತಿರದಲ್ಲಿಯೇ ಲ್ಯಾನ್ಸ್‌ಡೌನ್ ಕಟ್ಟಡ, 1892ರದ್ದು, ಒಬ್ಬ ವೈಸರಾಯ ಬಂದು ಹೋದ ನೆನಪಿಗೆ ಅವನ ಹೆಸರು ಹೊತ್ತದ್ದು. ಅಲ್ಲಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬಡ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದರು. 2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಬದಿ ಕುಸಿಯಿತು, ಅದೂ ದುರಸ್ತಿಯ ಕೆಲಸ ನಡೆಯುತ್ತಿದ್ದಾಗ.

ಆಮೇಲೆ ಸುರುವಾಯಿತು ವಾದ. ಒಂದು ಕಡೆಯ ತಜ್ಞರು "ಜೀರ್ಣೋದ್ಧಾರ ಮಾಡಬಹುದು, ಕೆಡವಬೇಡಿ" ಎಂದರು. ಇನ್ನೊಂದು ಕಡೆಯ ತಜ್ಞರು "ಆಯುಸ್ಸು ಮುಗಿದಿದೆ, ಕೆಡವಿ ಅದೇ ಮಾದರಿಯಲ್ಲಿ ಹೊಸದನ್ನು ಕಟ್ಟಿ" ಎಂದರು. ವರದಿಯ ಮೇಲೆ ವರದಿ, ಸಮಿತಿಯ ಮೇಲೆ ಸಮಿತಿ. ಅರಸು ಮನೆತನದವರು ಉಳಿಸಿ ಎಂದರು, ಪರಂಪರೆಯ ಅಭಿಮಾನಿಗಳು ಉಳಿಸಿ ಎಂದರು, ಬಾಡಿಗೆದಾರ ವ್ಯಾಪಾರಿಗಳೂ ಉಳಿಸಿ ಎಂದರು. 2023ರಲ್ಲಿ ಹೈಕೋರ್ಟು ತಜ್ಞರ ವರದಿಯನ್ನು ಒಪ್ಪಿ ಕೆಡವುದಕ್ಕೆ ಅಡ್ಡಿಯಿಲ್ಲವೆಂದು ತೀರ್ಪು ಕೊಟ್ಟಿತು. ಕುಸಿತವಾದ ದಿನದಿಂದ ತೀರ್ಪಿನ ದಿನದವರೆಗೆ ಒಂದು ಕಟ್ಟಡಕ್ಕೆ ಏಳು ವರ್ಷ, ಇನ್ನೊಂದಕ್ಕೆ ಹನ್ನೊಂದು ವರ್ಷ. ಅಷ್ಟು ವರ್ಷ ಆ ವ್ಯಾಪಾರಿಗಳು ಹೇಗೆ ಬದುಕಿದರು ಎಂಬುದನ್ನು ಯಾವ ಸಮಿತಿಯೂ ಮೊದಲ ಪುಟದಲ್ಲಿ ಬರೆಯಲಿಲ್ಲ.

ಬಂಧುಗಳೇ, ಹೂವು ಮಾರುವವಳು "ಕೆಡವಬೇಡಿ" ಎಂದದ್ದು ಕಮಾನಿನ ಮೇಲಿನ ಪ್ರೀತಿಯಿಂದ ಮಾತ್ರವೆಂದು ತಿಳಿಯಬೇಡಿ. ಅವಳಿಗೆ ಗೊತ್ತು: ಮೊದಲು "ತಾತ್ಕಾಲಿಕ ಷೆಡ್ಡಿಗೆ ಹೋಗಿ" ಎನ್ನುತ್ತಾರೆ. ಷೆಡ್ಡು ಗಿರಾಕಿ ತುಳಿಯದ ಕಡೆ ಇರುತ್ತದೆ. ಎರಡು ವರ್ಷ ಎಂದದ್ದು ಆರು ವರ್ಷವಾಗುತ್ತದೆ. ಅಷ್ಟರಲ್ಲಿ ಸಾಲ ಏರಿರುತ್ತದೆ. ಹೊಸ ಮಳಿಗೆ ಸಿದ್ಧವಾದಾಗ ಮುಂಗಡ ಹಣ ಇಷ್ಟು ಲಕ್ಷ, ಬಾಡಿಗೆ ಹರಾಜಿನಲ್ಲಿ ಎನ್ನುತ್ತಾರೆ. ಹರಾಜಿನಲ್ಲಿ ಕೂಗುವ ಶಕ್ತಿ ಮಲ್ಲಿಗೆ ಮೊಳ ಅಳೆಯುವವಳಿಗೆ ಎಲ್ಲಿಂದ ಬರಬೇಕು? ಅವಳಿಗೆ ಆ ಕಟ್ಟಡದ ಹಳತನವೇ ರಕ್ಷಣೆ. ಹಳೆಯ ಗೋಡೆಯೊಂದಿಗೆ ಹಳೆಯ ಬಾಡಿಗೆಯೂ ನಿಂತಿದೆ. ಗೋಡೆ ಬಿದ್ದ ದಿನ ಅದೂ ಬೀಳುತ್ತದೆ.

ಇನ್ನೊಂದು ಕಡೆಯ ಮಾತನ್ನೂ ಆಡಬೇಕು. ಲ್ಯಾನ್ಸ್‌ಡೌನ್ ಕಟ್ಟಡದ ಅಡಿಯಲ್ಲಿ ಸತ್ತ ನಾಲ್ವರು ನಮ್ಮ ನಿಮ್ಮಂಥವರೇ. ಕುಸಿಯುವ ತಾರಸಿಯ ಕೆಳಗೆ ಕುಳಿತುಕೊಳ್ಳುವವರು ಶ್ರೀಮಂತರಲ್ಲ. "ಯಾವ ಬೆಲೆ ತೆತ್ತಾದರೂ ಉಳಿಸಿ" ಎಂಬ ಘೋಷಣೆ ಕೇಳಿದಾಗ, ಆ ಬೆಲೆ ತೆರುವವರು ಯಾರು ಎಂದು ನಾವು ಕೇಳಲೇಬೇಕು. ಉಳಿಸಿ ಎನ್ನುವವರು ಅದರ ಕೆಳಗೆ ಕುಳಿತು ವ್ಯಾಪಾರ ಮಾಡುವುದಿಲ್ಲ. ಕೆಡವಿ ಎನ್ನುವವರೂ ಮಾಡುವುದಿಲ್ಲ.

ಕಟ್ಟಡ ಉಳಿದರೆ ಜನ ಉಳಿದಂತೆಯೇ ಎಂದು ಭಾವಿಸುವವರಿಗೆ ಎರಡು ದೂರದ ಊರುಗಳ ಸುದ್ದಿ ಹೇಳುತ್ತೇವೆ. ಪ್ಯಾರಿಸ್ ಪಟ್ಟಣದ ನಡುವೆ ಲೆ ಆಲ್ ಎಂಬ ದೊಡ್ಡ ಸಗಟು ಮಾರುಕಟ್ಟೆಯಿತ್ತು. 1969ರಲ್ಲಿ ವ್ಯಾಪಾರವನ್ನು ಊರ ಹೊರಗಿನ ರುಂಜಿಸಿಗೆ ಸಾಗಿಸಿದರು, 1971ರಲ್ಲಿ ಕಬ್ಬಿಣದ ಆ ಚೆಲುವಾದ ಮಂಟಪಗಳನ್ನು ಕೆಡವಿದರು. ವರ್ಷಗಳ ಕಾಲ ಅಲ್ಲಿ ಒಂದು ದೊಡ್ಡ ಹೊಂಡ ಮಾತ್ರ ಇತ್ತು. ಲಂಡನ್ನಿನ ಕೋವೆಂಟ್ ಗಾರ್ಡನ್ ಮಾರುಕಟ್ಟೆಯ ವ್ಯಾಪಾರ 1974ರಲ್ಲಿ ಊರ ನಡುವಿನಿಂದ ಹೊರಗೆ ಹೋಯಿತು. ಅಲ್ಲಿಯ ನಿವಾಸಿಗಳು ಹೋರಾಡಿದರು, ಕಟ್ಟಡ ಉಳಿಯಿತು, 1980ರಲ್ಲಿ ಮತ್ತೆ ತೆರೆಯಿತು. ಗೆದ್ದರು ಎನ್ನೋಣವೇ? ಇಂದು ಅಲ್ಲಿ ಕೋಸುಗಡ್ಡೆ ಮಾರುವವನಿಲ್ಲ, ಪ್ರವಾಸಿಗಳಿಗೆ ಅಲಂಕಾರದ ಸಾಮಾನು ಮಾರುತ್ತಾರೆ. ಪ್ಯಾರಿಸ್ಸಿನಲ್ಲಿ ಕಟ್ಟಡವೂ ಹೋಯಿತು, ಲಂಡನ್ನಿನಲ್ಲಿ ಕಟ್ಟಡ ಉಳಿಯಿತು. ಎರಡು ಕಡೆಯೂ ಹಮಾಲನೂ ತಕ್ಕಡಿಯವನೂ ಊರ ನಡುವಿನಿಂದ ಹೊರಗಾದರು.

ಗಿರಣಿಯ ಸಂಗಾತಿಗಳಿಗೆ ಇದು ಹೊಸ ಪಾಠವಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನ ಸೈರನ್ನಿಗೆ ಒಂದು ಕಾಲದಲ್ಲಿ ಇಡೀ ಬಡಾವಣೆ ಏಳುತ್ತಿತ್ತು. ಇಂದು ಆ ನೆಲದಲ್ಲಿ ಬಹುಮಹಡಿ ವಸತಿಗಳಿವೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಹೆಸರು ಇಂದು ಬಡಾವಣೆಯ ಹೆಸರಾಗಿ ಉಳಿದಿದೆ. ಯಂತ್ರ ಹಳತಾಯಿತು ಎಂದರು, ಷೆಡ್ಡು ಹಳತಾಯಿತು ಎಂದರು. ನೆಲ ಮಾತ್ರ ಹಳತಾಗಲಿಲ್ಲ, ಅದರ ಬೆಲೆ ಏರುತ್ತಲೇ ಹೋಯಿತು. ಆದುದರಿಂದ ಊರ ನಡುವಿನ ಯಾವ ಕಟ್ಟಡವನ್ನು ಹಳತೆಂದು ಕರೆದರೂ, ಮೊದಲು ಅದು ನಿಂತಿರುವ ನೆಲದ ಮೇಲೆ ಕಣ್ಣಿಡಿ.

ಇಷ್ಟು ಬಾಜಾರದ ಮಾತಾಯಿತು. ಪುರಭವನವೆಂದರೆ ಬಾಜಾರ ಮಾತ್ರವಲ್ಲ, ಜನ ಕೂಡುವ ಜಾಗ. ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನ 1935ರಲ್ಲಿ ತೆರೆಯಿತು. ಕಂಬಗಳ ಸಾಲು, ಎದುರಿಗೆ ಅಗಲವಾದ ಮೆಟ್ಟಿಲುಗಳು. ಒಳಗಿನ ಸಭಾಂಗಣಕ್ಕೆ ಬಾಡಿಗೆ ಕೊಡಲಾರದ ಜನ ಆ ಮೆಟ್ಟಿಲುಗಳನ್ನೇ ವೇದಿಕೆ ಮಾಡಿಕೊಂಡರು. ಪೌರಕಾರ್ಮಿಕರು, ಅಂಗನವಾಡಿಯ ತಾಯಂದಿರು, ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಕ್ಕಳು, ರೈತರು ಎಲ್ಲರೂ ಅಲ್ಲಿ ನಿಂತು ಕೂಗಿದ್ದಾರೆ. 2020ರ ಆರಂಭದಲ್ಲಿ ಪಾಲಿಕೆಯು ಪುರಭವನದ ಮುಂದೆ ಪ್ರತಿಭಟನೆ ಕೂಡದೆಂದು ನಿರ್ಣಯ ಮಾಡಿತು. ಕಾರಣ? ಪ್ರತಿಭಟನೆಯಿಂದ ಸಭಾಂಗಣದ ಬಾಡಿಗೆ ಆದಾಯ ಕಡಿಮೆಯಾಗುತ್ತದೆಯಂತೆ! ಒಂದು ಇಟ್ಟಿಗೆಯನ್ನೂ ಕೀಳದೆ ಪುರಭವನವನ್ನು ಕೆಡವುವ ವಿದ್ಯೆ ಇದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಆಳಿದರು. ಸಭೆ ಕೂಡುವವರೇ ಇಲ್ಲದಾಗ ಸಭಾಭವನ ಹೊಸದಾದರೇನು, ಹಳತಾದರೇನು? ಹೊಸ ಕಟ್ಟಡದ ನಕ್ಷೆ ಬಂದಾಗ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಜನ ಆರಿಸಿದ ಸಭೆಯೋ, ಒಬ್ಬ ಅಧಿಕಾರಿಯ ರುಜುವೋ ಎಂಬುದನ್ನು ಮೊಟ್ಟಮೊದಲು ವಿಚಾರಿಸಬೇಕೆನ್ನುವುದು ಇದಕ್ಕಾಗಿಯೇ.

ನಮ್ಮ ಸೀಮೆಯವರಿಗೆ ಕಚೇರಿ ಎಂದರೆ ಏನೆಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಒಡೆದು ಹಂಚಿಹೋದಾಗ ಬೀದರ ಜಿಲ್ಲೆಯೂ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ ಹೋದವು. ಒಂದೇ ಕಚೇರಿಗೆ ಅಲೆದ ಬೀಗರು ಮರುದಿನ ಬೇರೆ ಬೇರೆ ಕಚೇರಿಗೆ, ಬೇರೆ ಬೇರೆ ಭಾಷೆಯಲ್ಲಿ ಅರ್ಜಿ ಬರೆಯಬೇಕಾಯಿತು. ಬೀದರಿನ ಕಟ್ಟಡದ ಒಂದು ಕಲ್ಲೂ ಅಲುಗಲಿಲ್ಲ. ಅವರ ಪಾಲಿಗೆ ಕಚೇರಿಯೇ ಬೇರೆಯಾಯಿತು. ಇತ್ತೀಚೆಗೆ ಕಮಲನಗರ, ಹುಲಸೂರು, ಚಿಟಗುಪ್ಪಾ ಹೊಸ ತಾಲ್ಲೂಕುಗಳಾದಾಗ ಜನ ಸಂತೋಷಪಟ್ಟದ್ದು ಹೊಸ ಕಟ್ಟಡ ಬರುತ್ತದೆಂದಲ್ಲ, ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಉಳಿಯುತ್ತದೆಂದು. ಎಕಂಬಾದಿಂದ ಬೀದರಿಗೆ ಹೋದವನು ಇಳಿದ ಮೇಲೆ ಇನ್ನೂ ಆಟೋಕ್ಕೆ ಹಣ ಕೊಟ್ಟು ಊರ ಹೊರಗಿನ ಭವ್ಯ ಭವನಕ್ಕೆ ಹೋಗಬೇಕಾದರೆ, ಆ ಭವ್ಯತೆಯ ಖರ್ಚು ಅವನ ಜೇಬಿನಿಂದಲೇ ಹೋದಂತಾಯಿತು. ಕಟ್ಟಡದ ಅಂದಾಜುಪಟ್ಟಿಯಲ್ಲಿ ಈ ಬಾಬತ್ತು ಎಂದೂ ಬರುವುದಿಲ್ಲ.

ಹಾಗಾದರೆ ನಮ್ಮ ಪಕ್ಷ ಯಾವುದು, ಕೆಡವುವುದೋ ಉಳಿಸುವುದೋ ಎಂದು ಕೇಳುತ್ತೀರಿ. ಸ್ಪಷ್ಟವಾಗಿಯೇ ಹೇಳುತ್ತೇವೆ. ದುರಸ್ತಿಯಿಂದ ಸುರಕ್ಷಿತವಾಗುವ ಕಟ್ಟಡವನ್ನು ದುರಸ್ತಿ ಮಾಡಬೇಕು. ಹಳೆಯ ಕಟ್ಟಡದ ದುರಸ್ತಿಯಲ್ಲಿ ಹಣದ ಹೆಚ್ಚಿನ ಪಾಲು ಕೈಕೆಲಸಕ್ಕೆ, ಗೌಂಡಿಗೆ, ಬಡಗಿಗೆ, ಸುಣ್ಣ ಅರೆಯುವವನಿಗೆ ಹೋಗುತ್ತದೆ. ಹೊಸದರಲ್ಲಿ ಸಿಮೆಂಟು ಕಬ್ಬಿಣದ ಕಂಪನಿಗಳಿಗೆ ಹೋಗುತ್ತದೆ. ದುರಸ್ತಿಗೆ ನಿಲುಕದೆಂದು, ಗುತ್ತಿಗೆಯಲ್ಲಿ ಆಸೆಯಿಲ್ಲದ ಇಂಜಿನಿಯರರು ಬರೆದುಕೊಟ್ಟರೆ, ಆ ವರದಿ ಕನ್ನಡದಲ್ಲಿ ಬಾಜಾರದ ಗೋಡೆಗೆ ಅಂಟಿದರೆ, ಕೆಡವಲಿ. ನಾವು ಅಡ್ಡ ಮಲಗುವುದಿಲ್ಲ. ಆದರೆ ಗುದ್ದಲಿ ಬೀಳುವುದಕ್ಕೆ ಮೊದಲು ಪ್ರತಿ ಬಾಡಿಗೆದಾರನ ಕೈಯಲ್ಲಿ ಕಾಗದ ಇರಬೇಕು. ಇಂಥ ನಂಬರಿನ ಮಳಿಗೆ, ಇಷ್ಟು ಅಳತೆ, ಇಂಥ ಬಾಡಿಗೆ, ಇಂಥ ತಾರೀಖಿನೊಳಗೆ ಎಂದು. ಬಾಯಿಮಾತು ಸಾಲದು. ಬಾಯಿಮಾತು ಕೊಟ್ಟ ಅಧಿಕಾರಿಗೆ ವರ್ಗವಾಗುತ್ತದೆ.

ಕಾಗದವೇ ಇಲ್ಲದವರ ಮಾತೇನು? ಮಳಿಗೆಯ ಮುಂದೆ ಬುಟ್ಟಿ ಇಟ್ಟು ಕೂಡುವವಳು, ತಳ್ಳುವ ಗಾಡಿಯವನು, ಇವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಇವರಿಗಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂದಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಆರಿಸಿದ ಅವರ ಪ್ರತಿನಿಧಿಗಳು ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿದ್ದೀರಾ? ಮಳಿಗೆಯವರಿಗೆ ಇನ್ನೊಂದು ಮಾತು, ಕಹಿಯಾದರೂ ಆಡುತ್ತೇವೆ. ಗಾಡಿಯವನನ್ನು ಓಡಿಸಲು ನೀವೇ ಪೊಲೀಸರನ್ನು ಕರೆದದ್ದುಂಟು. ನಿಮ್ಮ ಮಳಿಗೆಗೆ ಕುತ್ತು ಬಂದ ದಿನ ಅವನೇ ನಿಮ್ಮ ಪಕ್ಕ ನಿಲ್ಲಬೇಕಾದವನು. ಆ ದಿನ ಅವನು ಬರದಿದ್ದರೆ ದೂರುವವರಾರು?

ಇನ್ನು ಇಂದೇ ಮಾಡಬಹುದಾದ ಕೆಲಸ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಅರ್ಜಿಗೆ ಹತ್ತು ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಹಚ್ಚಿದರೆ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ನೂರೈವತ್ತು ಪದಗಳ ಒಳಗೆ. ಉದ್ದುದ್ದ ಬರೆದರೆ ಹಿಂದಕ್ಕೆ ಬರುತ್ತದೆ. ಮೊದಲ ಅರ್ಜಿಯಲ್ಲಿ ಕಳೆದ ಹತ್ತು ವರ್ಷ ನಗರಸಭೆಯ ಕಟ್ಟಡದ ಮತ್ತು ಬಾಜಾರದ ಮಳಿಗೆಗಳ ದುರಸ್ತಿಗೆ ಆದ ವೆಚ್ಚವನ್ನು ಕೇಳಿ. ಎರಡನೆಯದರಲ್ಲಿ ಆ ಮಳಿಗೆಗಳಿಂದ ಅಷ್ಟೇ ವರ್ಷ ಬಂದ ಬಾಡಿಗೆಯನ್ನು ಕೇಳಿ. ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಕಟ್ಟಡ ಏಕೆ ಹಳತಾಯಿತೆಂಬುದು ಗೊತ್ತಾಗುತ್ತದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, ಬರದಿದ್ದರೆ ಮೇಲ್ಮನವಿ.

ಅರ್ಜಿಯ ಕರಡನ್ನು ಬರೆದು ತಂದಿದ್ದೇವೆ. ಬರೆಯಲು ಬಾರದವರು ಹೇಳಿದರೆ ಇಲ್ಲಿಯೇ ಕುಳಿತು ಬರೆದುಕೊಡುತ್ತೇವೆ. ಬಸ್ಸಿಗೆ ಇನ್ನೂ ಹೊತ್ತಿದೆ. ಆ ಕಂದೀಲನ್ನು ಸ್ವಲ್ಪ ಈಚೆಗೆ ತನ್ನಿ.